ಹೊಸ ಮರಿ, ಹದಿನೈದು ರಾತ್ರಿ

ಪ್ರಶ್ನೆ: ಡಾಕ್ಟ್ರೇ, ನಮ್ಮದು ಬೆಂಗಳೂರಿನಲ್ಲಿ ನಾಲ್ಕನೇ ಮಹಡಿಯ ಫ್ಲ್ಯಾಟ್. ಹತ್ತು ದಿನದ ಹಿಂದೆ ಲ್ಯಾಬ್ರಡಾರ್ ಮರಿ ತಂದೆವು. ಕೊಟ್ಟವರು 40 ದಿನದ್ದು ಅಂದರು. ಬಾಲ್ಕನಿಯಲ್ಲಿ ಪೇಪರ್ ಹಾಸಿದ್ದೇವೆ. ಅಲ್ಲಿ ಅರ್ಧ ಗಂಟೆ ಬಿಟ್ಟರೂ ಏನೂ ಮಾಡುವುದಿಲ್ಲ, ಒಳಗೆ ಬಂದ ಕೂಡಲೇ ಹಾಲ್‌ನ ಕಾರ್ಪೆಟ್ ಮೇಲೆ ಒಂದು, ಎರಡು ಎಲ್ಲ ಮುಗಿಸುತ್ತದೆ. ದಿನಕ್ಕೆ ಹತ್ತು ಹನ್ನೆರಡು ಸಲ ಒರೆಸಿ ಸೊಂಟ ಬಿದ್ದುಹೋಗಿದೆ. ಅದರ ಮೂಗನ್ನು ಉಚ್ಚೆಗೆ ಉಜ್ಜಿ ಎರಡೇಟು ಕೊಟ್ಟರೆ ಬುದ್ಧಿ ಬರುತ್ತದೆ ಎಂದು ನಮ್ಮ ಯಜಮಾನರ ವಾದ. ಲಸಿಕೆ ಮುಗಿಯುವ ತನಕ ಕೆಳಗೆ ಇಳಿಸಬೇಡಿ ಎಂದೂ ಹೇಳಿದ್ದಾರೆ. ಹೀಗೇ ಎಷ್ಟು ದಿನ?

ಉತ್ತರ: ನಿಮ್ಮ ಪತ್ರದಲ್ಲಿ ನಾನು ಕೆಂಪು ಗೆರೆ ಎಳೆದದ್ದು '40 ದಿನ' ಎನ್ನುವಲ್ಲಿ. ನಾಯಿ ಸಾಕಣೆ ಮತ್ತು ಮಾರಾಟಕ್ಕೆ ಕೇಂದ್ರ ಸರ್ಕಾರ 2017ರಲ್ಲಿ ಮಾಡಿದ ನಿಯಮದಂತೆ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಆದರೂ ಮಾರುತ್ತಾರೆ, ನಾವೂ 'ಚಿಕ್ಕದಿದ್ದರೆ ಬೇಗ ಹೊಂದಿಕೊಳ್ಳುತ್ತೆ' ಅಂತ ತರುತ್ತೇವೆ. ಇದಕ್ಕೂ ನಿಮ್ಮ ಕಾರ್ಪೆಟ್ಟಿಗೂ ಸಂಬಂಧವಿದೆ. ಹುಟ್ಟಿದ ಮೊದಲ ಎರಡು ಮೂರು ವಾರ ಮರಿ ತಾನಾಗಿ ಉಚ್ಚೆ ಹೊಯ್ಯುವುದೂ ಇಲ್ಲ. ತಾಯಿ ಹೊಟ್ಟೆಯ ಕೆಳಗೆ ನೆಕ್ಕಿ ಮಾಡಿಸುತ್ತದೆ, ತಾನೇ ಶುಚಿ ಮಾಡುತ್ತದೆ. ಮೂರನೇ ವಾರ ಕಾಲು ಬಂದ ಮೇಲೆ ಮರಿಗಳು ಮಲಗುವ ಜಾಗ ಬಿಟ್ಟು ತುಸು ದೂರ ಹೋಗಿ ಮಾಡಲು ಶುರು ಮಾಡುತ್ತವೆ. ಏಳರಿಂದ ಒಂಬತ್ತನೇ ವಾರದ ಹೊತ್ತಿಗೆ, ಅಂಗಾಲಿಗೆ ಎಂಥ ನೆಲ ಸಿಕ್ಕರೆ ಅದು ಕಕ್ಕಸು ಎಂಬ ರೂಢಿ ಬೀಳುತ್ತದೆ. ನಿಮ್ಮ ಮರಿ ಈಗ ಸರಿಯಾಗಿ ಆ ಹೊಸ್ತಿಲಲ್ಲಿದೆ, ನೀವು ಅದಕ್ಕೆ ಕಾರ್ಪೆಟ್ ಕೊಟ್ಟಿದ್ದೀರಿ. ಮೆತ್ತಗಿದೆ, ಹೀರಿಕೊಳ್ಳುತ್ತದೆ, ಕಾಲು ಒದ್ದೆಯಾಗುವುದಿಲ್ಲ. ಅದರ ಲೆಕ್ಕದಲ್ಲಿ ಮನೆಯಲ್ಲಿ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಆದ್ದರಿಂದ ಇವತ್ತೇ ಆ ಕಾರ್ಪೆಟ್ಟನ್ನು ಸುತ್ತಿ ಅಟ್ಟಕ್ಕೆ ಹಾಕಿ. ಮರಿಗೆ ಆರು ತಿಂಗಳಾದ ಮೇಲೆ ಇಳಿಸಿದರೆ ಸಾಕು.

ಹತ್ತು ಹನ್ನೆರಡು ಸಲ ಎಂದಿರಿ. ಈ ವಯಸ್ಸಿಗೆ ಅದು ಹೆಚ್ಚೇನೂ ಅಲ್ಲ. ಎರಡು ತಿಂಗಳ ಮರಿ ಎಚ್ಚರವಿದ್ದಾಗ ಒಂದೆರಡು ಗಂಟೆ ತಡೆದುಕೊಂಡರೆ ಅದೇ ದೊಡ್ಡದು, ಆಟದ ಭರದಲ್ಲಿ ಅರ್ಧ ಗಂಟೆಯೂ ಕಷ್ಟ. ಹೊತ್ತು ಗೊತ್ತಿದ್ದರೆ ಅರ್ಧ ಕೆಲಸ ಮುಗಿಯಿತು: ನಿದ್ದೆಯಿಂದ ಎದ್ದ ತಕ್ಷಣ, ಊಟವಾಗಿ ಹತ್ತರಿಂದ ಇಪ್ಪತ್ತು ನಿಮಿಷದೊಳಗೆ, ಆಟದ ನಡುವೆ ಇದ್ದಕ್ಕಿದ್ದಂತೆ ಆಟ ಬಿಟ್ಟು ಮೂಗು ನೆಲಕ್ಕಿಟ್ಟು ಸುತ್ತು ಹಾಕತೊಡಗಿದಾಗ. ಎದ್ದ ಮರಿಯನ್ನು ನಡೆಸಬೇಡಿ, ಎತ್ತಿಕೊಂಡು ಹೋಗಿ. ನಡೆಯಲು ಬಿಟ್ಟರೆ ಮೂರನೇ ಹೆಜ್ಜೆಗೆ ಕೂತುಬಿಡುತ್ತದೆ.

ಬಾಲ್ಕನಿಯಲ್ಲಿ ಅರ್ಧ ಗಂಟೆ ಯಾಕೆ ವ್ಯರ್ಥವಾಗುತ್ತಿದೆ ಅಂದರೆ, ಅಲ್ಲಿ ಪಾರಿವಾಳ ಇದೆ, ಕೆಳಗೆ ಗಾಡಿಗಳ ಸದ್ದಿದೆ, ಗಾಳಿಗೆ ಬಟ್ಟೆ ಅಲ್ಲಾಡುತ್ತಿದೆ. ಅಷ್ಟೆಲ್ಲ ನೋಡುವಾಗ ಉಚ್ಚೆಯ ನೆನಪು ಎಲ್ಲಿ ಬರಬೇಕು? ಒಳಗೆ ಬಂದು ಮನಸ್ಸು ಸಡಿಲವಾದಾಗ ನೆನಪಾಗುತ್ತದೆ. ಐದು ನಿಮಿಷಕ್ಕಿಂತ ಹೆಚ್ಚು ನಿಲ್ಲಬೇಡಿ. ಕುತ್ತಿಗೆಗೆ ಹಗುರಾದ ಹಗ್ಗ ಹಾಕಿ ಒಂದೇ ಮೂಲೆಯಲ್ಲಿ ಮರದಂತೆ ನಿಲ್ಲಿ, ಮುದ್ದು ಮಾತು ಬೇಡ. ಆಗಲಿಲ್ಲವೋ, ಒಳಗೆ ಕರೆತನ್ನಿ, ಆದರೆ ನೆಲಕ್ಕೆ ಬಿಡಬೇಡಿ. ಹತ್ತು ನಿಮಿಷ ತೊಡೆಯ ಮೇಲಿಟ್ಟುಕೊಂಡು ಮತ್ತೆ ಅಲ್ಲಿಗೇ ಹೋಗಿ. ಎರಡನೇ ಅಥವಾ ಮೂರನೇ ಸಲಕ್ಕೆ ಆಗಿಯೇ ಆಗುತ್ತದೆ. ಆಗುವಾಗ, ನಮ್ಮ ಅಜ್ಜಿಯರು ಕೂಸನ್ನು ಪಾದದ ಮೇಲೆ ಕೂರಿಸಿಕೊಂಡು 'ಸ್ಸ್ಸ್...' ಅನ್ನುತ್ತಿದ್ದರಲ್ಲ, ಅದನ್ನೇ ಮಾಡಿ. ತಮಾಷೆಯಲ್ಲ, ಆ ಸದ್ದಿಗೂ ಆ ಕೆಲಸಕ್ಕೂ ನಂಟು ಬಿದ್ದರೆ ಮುಂದೆ ಮಳೆಯಲ್ಲೂ ಪ್ರಯಾಣದ ನಡುವೆಯೂ ಉಪಯೋಗಕ್ಕೆ ಬರುತ್ತದೆ. ಮುಗಿಸಿದ ಕ್ಷಣವೇ, ಅಲ್ಲೇ, ಒಂದು ಚೂರು ಬೆಂದ ಕೋಳಿಯೋ ಕ್ಯಾರೆಟ್ಟೋ ಕೊಡಿ. ಒಳಗೆ ಬಂದು ಡಬ್ಬಿ ತೆಗೆದು ಕೊಟ್ಟರೆ, ಒಳಗೆ ಬಂದದ್ದಕ್ಕೆ ಸಿಕ್ಕಿತು ಎಂದು ಮರಿ ತಿಳಿಯುತ್ತದೆ.

ಪೇಪರ್ ಬಗ್ಗೆ ನನಗೆ ತಕರಾರಿದೆ. ಪೇಪರ್ ಮೇಲೆ ಕಲಿತ ಮರಿ ಬೆಳಿಗ್ಗೆ ಬಾಗಿಲ ಸಂದಿಯಿಂದ ಒಳಗೆ ಬಿದ್ದ ಪೇಪರನ್ನೂ ತನ್ನದೇ ಅಂದುಕೊಳ್ಳುತ್ತದೆ, ನಿಮ್ಮ ಯಜಮಾನರು ಅದನ್ನು ಇನ್ನೂ ಓದಿರುವುದಿಲ್ಲ. ಅಗಲವಾದ ಪ್ಲಾಸ್ಟಿಕ್ ತಟ್ಟೆಯಲ್ಲಿ ನರ್ಸರಿಯ ಹುಲ್ಲುಹಾಸನ್ನೋ ಮಣ್ಣು ಬೆರೆಸಿದ ತೆಂಗಿನ ನಾರಿನ ಪುಡಿಯನ್ನೋ ಹಾಕಿ ಬಾಲ್ಕನಿಯಲ್ಲಿಡಿ. ನಾಳೆ ಪಾರ್ಕಿಗೆ ಹೋದಾಗ ಸಿಗುವ ನೆಲವೂ ಅಂಥದ್ದೇ.

ಮೂಗು ಉಜ್ಜುವ ಮಾತಿಗೆ ಬರೋಣ. ಹೊಯ್ದು ಒಂದು ನಿಮಿಷ ಕಳೆದರೆ ಯಾವ ತಪ್ಪಿಗೆ ಏಟು ಬಿತ್ತೆಂದು ಮರಿಗೆ ಗೊತ್ತಾಗದು. ಹೊಯ್ಯುತ್ತಿರುವಾಗಲೇ ಹೊಡೆದರೆ ಮನುಷ್ಯರ ಎದುರು ಮಾಡಬಾರದು ಎಂದಷ್ಟೇ ಕಲಿಯುತ್ತದೆ. ಆಮೇಲೆ ಸೋಫಾದ ಹಿಂದೆ ಕದ್ದು ಮಾಡುವ ಮರಿಯನ್ನು ಬಾಲ್ಕನಿಯಲ್ಲಿ ನಿಮ್ಮೆದುರು ಮಾಡಿಸುವುದು ಎಷ್ಟು ಕಷ್ಟ ಎಂಬುದನ್ನು ಕ್ಲಿನಿಕ್ಕಿಗೆ ಬರುವವರಲ್ಲಿ ದಿನವೂ ನೋಡುತ್ತೇನೆ. ಮಾಡುವಾಗ ಕಣ್ಣಿಗೆ ಬಿದ್ದರೆ ಒಂದು ಚಪ್ಪಾಳೆ ತಟ್ಟಿ, ಎತ್ತಿಕೊಂಡು ಓಡಿ. ಆಮೇಲೆ ಕಂಡರೆ ಸುಮ್ಮನೆ ಒರೆಸಿ.

ಒರೆಸುವುದು ಫಿನಾಯಿಲಿನಿಂದ ಬೇಡ. ನಮ್ಮ ಮೂಗಿಗೆ ಫಿನಾಯಿಲ್ ವಾಸನೆ ಬರುತ್ತದೆ, ಮರಿಯ ಮೂಗಿಗೆ ಫಿನಾಯಿಲ್ ಜೊತೆಗೆ ಉಚ್ಚೆಯ ವಾಸನೆಯೂ ಬರುತ್ತದೆ. ಮೇಲಾಗಿ ನೆಲ ನೆಕ್ಕುವ ಮರಿಯ ಹೊಟ್ಟೆಗೆ ಅದು ಒಳ್ಳೆಯದಲ್ಲ. ಅಮೋನಿಯಾ ಇರುವ ಕ್ಲೀನರ್ ಇನ್ನೂ ಕೆಟ್ಟದ್ದು, ಹಳೆಯ ಉಚ್ಚೆಗೂ ಅದೇ ವಾಸನೆ. ಮೊದಲು ಬಟ್ಟೆಯಲ್ಲಿ ಒತ್ತಿ ಹೀರಿಸಿ, ಆಮೇಲೆ ಎನ್‌ಜೈಮ್ ಇರುವ ಬಟ್ಟೆ ಸೋಪಿನ ಪುಡಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕದಡಿ ಹತ್ತು ನಿಮಿಷ ಬಿಟ್ಟು, ನೀರಿನಲ್ಲಿ ಚೆನ್ನಾಗಿ ಒರೆಸಿ ತೆಗೆಯಿರಿ.

ನೀವು ಬರೆದಿಲ್ಲ, ಆದರೂ ಕೇಳುತ್ತೇನೆ: ರಾತ್ರಿ ಹಾಲು-ಅನ್ನ ಹಾಕುತ್ತಿದ್ದೀರಾ? ಹಸುವಿನ ಹಾಲಿನ ಸಕ್ಕರೆ ಅಂಶ ಅನೇಕ ಮರಿಗಳಿಗೆ ಅರಗುವುದಿಲ್ಲ, ಭೇದಿಯಾಗುತ್ತದೆ. ಭೇದಿಯಾಗುತ್ತಿರುವ ಮರಿಗೆ ಯಾವ ತರಬೇತಿಯೂ ಹತ್ತದು. ಹಾಲು ನಿಲ್ಲಿಸಿ, ಕೊನೆಯ ಊಟ ಸಂಜೆ ಏಳಕ್ಕೆ ಮುಗಿಸಿ, ನೀರಿನ ಬಟ್ಟಲನ್ನು ಮಲಗುವ ಒಂದು ಗಂಟೆ ಮೊದಲು ಎತ್ತಿಡಿ. ಹಗಲು ಮಾತ್ರ ನೀರು ಯಾವಾಗಲೂ ಇರಲಿ.

ಲಸಿಕೆಯ ಬಗ್ಗೆ ನಿಮಗೆ ಹೇಳಿದ್ದು ಸರಿ. ಮರಿಗಳಿಗೆ ಜೀವಕ್ಕೇ ಕುತ್ತಾಗುವ ವಾಂತಿ-ಭೇದಿ ತರುವ ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಆರರಿಂದ ಎಂಟನೇ ವಾರಕ್ಕೆ ಮೊದಲ ಚುಚ್ಚುಮದ್ದು, ಅಲ್ಲಿಂದ ಮೂರು ನಾಲ್ಕು ವಾರಕ್ಕೊಮ್ಮೆ, 16 ವಾರ ತುಂಬುವ ತನಕ. ಹುಚ್ಚುನಾಯಿ ರೋಗದ್ದು ಮೂರು ತಿಂಗಳಿಗೆ. ಅಲ್ಲಿಯವರೆಗೆ ಬೀದಿನಾಯಿ ಓಡಾಡುವ ಕಡೆ ನೆಲಕ್ಕೆ ಬಿಡಬೇಡಿ. ಆದರೆ ತೋಳಿನಲ್ಲಿ ಎತ್ತಿಕೊಂಡು ಕೆಳಗೆ ಹೋಗಿ ಆಟೊ, ಮಕ್ಕಳು, ಸೊಪ್ಪಿನ ಗಾಡಿ ಎಲ್ಲ ತೋರಿಸಿ. ಮನೆಯೊಳಗೇ ಬಚ್ಚಿಟ್ಟು ಬೆಳೆಸಿದರೆ ಆಮೇಲೆ ಎಲ್ಲಕ್ಕೂ ಹೆದರುತ್ತದೆ.

ಎಷ್ಟು ದಿನ ಎಂದಿರಿ. ಯಾರಾದರೂ ಒಬ್ಬರು ಹದಿನೈದು ದಿನ ಇದನ್ನೇ ಕೆಲಸವಾಗಿ ಮಾಡಿಕೊಂಡರೆ ಗೆರೆ ಬೀಳುತ್ತದೆ. ಪೂರ್ತಿ ನಂಬಲು ಆರು ತಿಂಗಳು ಬೇಕು. ಹದಿನೈದು ದಿನ ಯಾರಿಗೂ ಬಿಡುವಿಲ್ಲದಿದ್ದರೆ ಮುಂದಿನ ಆರು ತಿಂಗಳು ಎಲ್ಲರೂ ಸೇರಿ ಒರೆಸಬೇಕಾಗುತ್ತದೆ.

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆ ತೋಟದ ಮನೆ. ಪಕ್ಕದ ಮನೆಯ ಊರನಾಯಿಯ ಎರಡು ತಿಂಗಳ ಮರಿ ತಂದಿದ್ದೇವೆ. ಹಗಲು ಬಂಗಾರ. ರಾತ್ರಿ ಕೊಟ್ಟಿಗೆಯಲ್ಲಿ ಕಟ್ಟಿದರೆ ಬೆಳಗಿನ ತನಕ ಕುಂಯ್‌ಗುಡುತ್ತದೆ. 'ಮೂರು ದಿನ ಅಳಲಿ, ತಾನೇ ಸುಮ್ಮನಾಗ್ತದೆ, ಎತ್ತಿಕೊಂಡ್ರೆ ಅದೇ ರೂಢಿ ಆಗ್ತದೆ' ಎನ್ನುತ್ತಾರೆ ಮಾವ. ನಾಯಿಯನ್ನು ಒಳಗೆ ಬಿಟ್ಟುಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ. ನನಗೆ ಕೇಳಲಾಗುವುದಿಲ್ಲ.

ಉತ್ತರ: ನಿಮ್ಮ ಮಾವನವರು ಹೇಳಿದಂತೆ ಸುಮ್ಮನಾಗುವುದು ನಿಜ. ಕೂಗಿ ಯಾರೂ ಬರುವುದಿಲ್ಲ ಎಂದು ಖಾತ್ರಿಯಾದ ಮೇಲೆ ಯಾವ ಮರಿಯೂ ಸುಮ್ಮನಾಗುತ್ತದೆ. ಅದರ ಹೆದರಿಕೆ ಹೋಗಿದೆ ಎಂದು ಅದರ ಅರ್ಥವಲ್ಲ. ಮೊನ್ನೆ ಮೊನ್ನೆ ತನಕ ಐದಾರು ಮೈಗಳ ಬಿಸಿಯಲ್ಲಿ ಒಂದರ ಮೇಲೊಂದು ಬಿದ್ದು ಮಲಗಿದ ಜೀವ ಅದು. ಈಗ ಸುತ್ತ ಕತ್ತಲೆ, ಕುತ್ತಿಗೆಗೆ ಹಗ್ಗ, ಹಸುಗಳ ಕಾಲ ಸದ್ದು.

ಕರುಣೆಯ ಮಾತು ಮಾವನವರಿಗೆ ಹಿಡಿಸದಿದ್ದರೆ ಚಿರತೆಯ ಮಾತು ಹೇಳಿ. ನಿಮ್ಮ ಕಡೆ ಅಂಗಳದಿಂದ ನಾಯಿ ಮಾಯವಾಗುವುದು ಹೊಸ ಸುದ್ದಿಯಲ್ಲ. ಓಡಲಾರದಂತೆ ಕಟ್ಟಿಹಾಕಿದ, ರಾತ್ರಿಯಿಡೀ ತಾನಿಲ್ಲಿದ್ದೇನೆ ಎಂದು ಕೂಗುವ ಮರಿ ಚಿರತೆಗೆ ಕರೆದು ಬಡಿಸಿದ ಹಾಗೆ. ಚಿಕ್ಕ ಮರಿ ಹಗ್ಗಕ್ಕೆ ಸುತ್ತಿಕೊಂಡು ಉಸಿರುಕಟ್ಟುವ ಅಪಾಯ ಬೇರೆ.

ಪದ್ಧತಿ ಮುರಿಯದೆ ಒಂದು ದಾರಿ ಇದೆ, ಜಗಲಿ. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಹಿರಿಯರು ಜಗಲಿಯಲ್ಲೇ ಮಲಗುತ್ತಾರೆ. ನಿಮ್ಮ ಮಾವನವರೂ ಹಾಗೆ ಮಲಗುವವರಾದರೆ, ಜಗಲಿಗೆ ಬಾಗಿಲೋ ಗ್ರಿಲ್ಲೋ ಇದ್ದರೆ, ಅವರ ಮಂಚದ ಪಕ್ಕವೇ ಮರಿಯ ಜಾಗ. ಇಂಥ ವಾದ ಮಾಡಿದ ಹಿರಿಯರೇ ಎರಡನೇ ವಾರಕ್ಕೆ 'ನಮ್ಮ ಮರಿ' ಅನ್ನುವುದನ್ನು ಕೇಳಿದ್ದೇನೆ.

ಎತ್ತರದ ಅಂಚಿನ ರಟ್ಟಿನ ಪೆಟ್ಟಿಗೆ ಸಾಕು. ಎದ್ದು ನಿಲ್ಲಲು, ತಿರುಗಲು, ಕಾಲು ಚಾಚಲು ಆಗುವಷ್ಟು ಇರಲಿ, ಅದಕ್ಕಿಂತ ದೊಡ್ಡದಾದರೆ ಒಂದು ಮೂಲೆಯಲ್ಲಿ ಮಲಗಿ ಇನ್ನೊಂದರಲ್ಲಿ ಹೊಯ್ಯುತ್ತದೆ. ಒಳಗೆ ಗೋಣಿಚೀಲ, ಅದರ ಮೇಲೆ ಹಳೆ ಪಂಚೆ. ಪಕ್ಕದ ಮನೆಯ ಮರಿ ಆದ್ದರಿಂದ ನಿಮಗೊಂದು ಅನುಕೂಲವಿದೆ, ತಾಯಿನಾಯಿ ಮಲಗಿದ ಬಟ್ಟೆಯೊಂದನ್ನು ಕೇಳಿ ತಂದು ಹಾಸಿ. ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಒಂದು ಬದಿಗಿಡಿ, ಮಳೆಗಾಲದ ನಿಮ್ಮ ರಾತ್ರಿಗಳಲ್ಲಿ ಅರ್ಧ ಅಳು ಚಳಿಯದ್ದು. ಮಧ್ಯರಾತ್ರಿ ಕುಂಯ್ ಎಂದರೆ ಮಂಚದಿಂದ ಕೈ ಇಳಿಬಿಟ್ಟು ಮೂಸಲು ಕೊಟ್ಟರೆ ಬಹಳ ಸಲ ಅಷ್ಟಕ್ಕೇ ಮಲಗುತ್ತದೆ.

ನಿದ್ದೆ ಮಾಡಿ ಎದ್ದು ಚಡಪಡಿಸಿದರೆ ಮಾತ್ರ ಅದು ಉಚ್ಚೆಯ ಕರೆ. ಹತ್ತೂವರೆಗೆ ಒಮ್ಮೆ ಹೊರಗೆ ಮಾಡಿಸಿ ಮಲಗಿಸಿ, ಎರಡರ ಸುಮಾರಿಗೆ ಒಮ್ಮೆ, ಐದೂವರೆಗೆ ಒಮ್ಮೆ. ದೊಡ್ಡ ದೀಪ ಹಾಕಬೇಡಿ, ಮಾತಾಡಬೇಡಿ. ಎತ್ತಿಕೊಂಡು ಹೋಗಿ ಸೂರಿನಡಿ ಒಣ ಮಣ್ಣಿರುವ ಕಡೆ ಬಿಟ್ಟು, ಮುಗಿದ ಮೇಲೆ ನೇರ ಪೆಟ್ಟಿಗೆಗೆ. ಎರಡು ಗಂಟೆಗೆ ಮುದ್ದು ಮಾಡಿದರೆ ದಿನಾ ಎರಡಕ್ಕೆ ಆಟಕ್ಕೆ ಏಳುತ್ತದೆ. ರೂಢಿ ಆಗುತ್ತದೆ ಎಂಬ ಮಾವನವರ ಮಾತು ಇಲ್ಲಿ ಮಾತ್ರ ನಿಜ. ವಾರಕ್ಕೊಮ್ಮೆ ಆ ನಡುರಾತ್ರಿಯ ಹೊತ್ತನ್ನು ಅರ್ಧ ಗಂಟೆ ಮುಂದೆ ತಳ್ಳಿ. ನಾಲ್ಕು ತಿಂಗಳ ಹೊತ್ತಿಗೆ ಹೆಚ್ಚಿನ ಮರಿಗಳು ಬೆಳಗಿನ ತನಕ ತಡೆಯುತ್ತವೆ. ಆಮೇಲೆ ಪೆಟ್ಟಿಗೆಯನ್ನು ದಿನಕ್ಕೆ ಒಂದೊಂದು ಮಾರು ದೂರ ಸರಿಸಬಹುದು, ಮಾವನವರು ಬಿಟ್ಟರೆ.

ಪ್ರಶ್ನೆ: ಹುಬ್ಬಳ್ಳಿಯಿಂದ ಬರ್ಯಾಕತ್ತೀನ್ರಿ. ನಾಲ್ಕೂವರೆ ತಿಂಗಳ ಹೆಣ್ಣು ಮರಿ ಐತಿ. ಹೊರಗ ಹೋಗೋದು ಚಲೋ ಕಲ್ತಿತ್ತು. ನಾಕು ದಿನದಿಂದ ಮನಿಯೊಳಗ ಅಲ್ಲಲ್ಲಿ ಹನಿ ಹನಿ ಮಾಡಾಕತ್ತೈತಿ. ಬೈದ್ರ ಮೂಲ್ಯಾಗ ಹೋಗಿ ಕೂಡತೈತಿ. ಸಿಟ್ಟಿಗೆ ಮಾಡತೈತೇನ್ರಿ?

ಉತ್ತರ: ಇಲ್ಲ. ಕಲಿತ ಮರಿ ಇದ್ದಕ್ಕಿದ್ದಂತೆ ಹನಿ ಹನಿಯಾಗಿ, ಮತ್ತೆ ಮತ್ತೆ ಕೂತು ಮಾಡುತ್ತಿದ್ದರೆ ಮೂತ್ರಕೋಶದ ಸೋಂಕಿರಬಹುದು. ಹೆಣ್ಣು ಮರಿಗಳಲ್ಲಿ ಇದು ಹೆಚ್ಚು. ಬಣ್ಣ ಕೆಂಪಗಿದ್ದರೆ, ಮಾಡುವಾಗ ತಿಣುಕುತ್ತಿದ್ದರೆ, ಹಿಂಭಾಗ ನೆಕ್ಕಿಕೊಳ್ಳುತ್ತಲೇ ಇದ್ದರೆ ಅನುಮಾನ ಇನ್ನೂ ಗಟ್ಟಿ. ಯಾರಾದರೂ ಬಂದಾಗ, ಬಗ್ಗಿ ಮುಟ್ಟಲು ಹೋದಾಗ ಮಾತ್ರ ಸೋರುತ್ತಿದ್ದರೆ ಅದು ಬೇರೆ, ಅಂಜಿಕೆ ಅಥವಾ ಸಡಗರ, ಬೆಳೆದಂತೆ ಹೋಗುತ್ತದೆ. ಎರಡಕ್ಕೂ ಬೈಗುಳ ಮದ್ದಲ್ಲ.

ನಾಳೆ ಬೆಳಿಗ್ಗೆ ಮೊದಲ ಸಲ ಹೊರಗೆ ಕೂತಾಗ, ತೊಳೆದು ಒಣಗಿಸಿದ ಉದ್ದ ಹಿಡಿಯ ಸೌಟನ್ನು ಹಿಂದಿನಿಂದ ಮೆಲ್ಲಗೆ ಕೆಳಗೆ ಚಾಚಿ. ಎರಡು ಚಮಚೆಯಷ್ಟು ಸಿಕ್ಕರೆ ಸಾಕು. ಸ್ವಚ್ಛ ಶೀಷೆಗೆ ಸುರಿದು ಎರಡು ಗಂಟೆಯೊಳಗೆ ಪಶು ಆಸ್ಪತ್ರೆಗೆ ಒಯ್ಯಿರಿ, ಮರಿಯನ್ನೂ ಜೊತೆಗೆ. ಸೌಟು ಮಾತ್ರ ಮತ್ತೆ ಅಡುಗೆಮನೆಗೆ ಬರುವುದು ಬೇಡ.