ಐನ್‌ಮನೆಯ ಫೋಟೊ ಮಾರುವುದಕ್ಕೆ ಯಾರ ಸಹಿ ಬೇಕು?

ಮಡಿಕೇರಿ ಕೋಟೆಯೊಳಗಿನ ಅರಮನೆ, ಗೆಳೆಯರೊಬ್ಬರ ಐನ್‌ಮನೆ (ಕೊಡವ ಮನೆತನದ ಮೂಲಮನೆ), ಹೆಸರುವಾಸಿಯಾದ ಒಂದು ರೆಸಾರ್ಟ್ – ಈ ಮೂರರ ಫೋಟೊಗಳನ್ನು ನೀವು ಸ್ಟಾಕ್ ಫೋಟೊ ಮಾರುವ ಕಂಪನಿಗೆ ಕಳಿಸಿದ್ದೀರಿ. ಅರಮನೆಯದು ಸ್ವೀಕಾರವಾಯಿತು, ಉಳಿದೆರಡಕ್ಕೆ ಪ್ರಾಪರ್ಟಿ ರಿಲೀಸ್, ಅಂದರೆ ಮಾಲೀಕರ ಸಹಿಯಿರುವ ಒಪ್ಪಿಗೆ ಪತ್ರ, ಕೇಳಿದರು. ಕಟ್ಟಡದ ಫೋಟೊ ಮಾರಲು ಮಾಲೀಕರ ಒಪ್ಪಿಗೆ ಕಾನೂನಿನ ಪ್ರಕಾರವೇ ಬೇಕೇ ಎಂಬುದು ನಿಮ್ಮ ಪ್ರಶ್ನೆ.

ಕೃತಿಸ್ವಾಮ್ಯದ ಮಟ್ಟಿಗೆ ಬೇಡ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮಿನಲ್ಲಿ, ಕಟ್ಟಡದ ಫೋಟೊ ತೆಗೆಯುವುದಾಗಲಿ ಪ್ರಕಟಿಸುವುದಾಗಲಿ ಉಲ್ಲಂಘನೆಯಲ್ಲ ಎಂದೇ ಇದೆ. ಗೋಡೆಯ ಮೇಲೆ ಈಚೆಗೆ ಯಾರಾದರೂ ಬಿಡಿಸಿದ ದೊಡ್ಡ ಚಿತ್ರವಿದ್ದರೆ ಮಾತ್ರ ಆ ರಿಯಾಯಿತಿಯನ್ನು ನಂಬಿಕೊಳ್ಳಬೇಡಿ. ಅದು ಕಟ್ಟಡವಲ್ಲ, ಕಲಾವಿದನ ಕೃತಿ. ರಿಲೀಸ್ ಎಂದರೆ ಸರ್ಕಾರಿ ಪರವಾನಗಿಯೂ ಅಲ್ಲ, ಮಾಲೀಕರು ಮುಂದೆ ತಕರಾರು ತೆಗೆಯುವುದಿಲ್ಲವೆಂದು ಬರೆದುಕೊಡುವ ಕರಾರು. ಫೋಟೊ ಕೊಂಡವರು ಅದನ್ನು ಜಾಹೀರಾತಿಗೆ ಹಾಕಿ ಜಗಳವಾದರೆ ತಮ್ಮ ತಲೆಗೆ ಬರಬಾರದೆಂದು ಕಂಪನಿಯವರು ಅದನ್ನು ಕೇಳುತ್ತಾರೆ. ಸುದ್ದಿಗೆ, ಲೇಖನಕ್ಕೆ, ಪಠ್ಯಪುಸ್ತಕಕ್ಕೆ ಮಾತ್ರ ಎಂದು ‘ಎಡಿಟೋರಿಯಲ್’ ವಿಭಾಗದಲ್ಲಿ ಸಲ್ಲಿಸಿದರೆ ಸಾಮಾನ್ಯವಾಗಿ ರಿಲೀಸ್ ಇಲ್ಲದೆಯೇ ನಡೆಯುತ್ತದೆ.

ಐನ್‌ಮನೆಯ ವಿಷಯವೇ ಬೇರೆ. ಕೆಲವು ವರ್ಷಗಳ ಹಿಂದೆ ದಕ್ಷಿಣ ಕೊಡಗಿನ ಒಂದು ಐನ್‌ಮನೆಯ ಫೋಟೊ ತೆಗೆದಿದ್ದೆ. ಓಣಿಯ ಮಣ್ಣಗೋಡೆ, ಜಗಲಿಯ ಕೆತ್ತನೆಯ ಕಂಬಗಳು, ಮಳೆ ನಿಂತ ಮೇಲಿನ ಬೆಳಕು. ಈಗಲೂ ಅದು ನನಗೆ ಇಷ್ಟದ ಚಿತ್ರ. ಅಲ್ಲಿ ವಾಸವಿದ್ದವರು ಕಾಫಿ ಕೊಟ್ಟು, ನಾನು ನೀಡಿದ ಕಾಗದಕ್ಕೆ ನಗುತ್ತಲೇ ಸಹಿ ಹಾಕಿದರು. ಚಿತ್ರ ಮಾರಾಟವಾಗಿ ಕಾಫಿಪುಡಿಯ ಪೊಟ್ಟಣದ ಮೇಲೆ ಬಂತು. ಆ ವರ್ಷ ಸುಗ್ಗಿಯ ಹಬ್ಬ ಪುತ್ತರಿಗೆ ಒಕ್ಕದವರೆಲ್ಲ, ಅಂದರೆ ಆ ಮನೆತನದವರೆಲ್ಲ, ಸೇರಿದಾಗ ಯಾರೋ ಆ ಪೊಟ್ಟಣವನ್ನೂ ತಂದಿದ್ದರಂತೆ. ಮರುದಿನ ಒಕ್ಕದ ಹಿರಿಯರಾದ ಪಟ್ಟೆದಾರರಿಂದ ಫೋನ್: “ನಮ್ಮ ಹಿರಿಯರಿಗೆ ದೀಪ ಇಡುವ ಮನೆ ಇದು. ಪುಡಿ ಮಾರಲು ಇದನ್ನು ನಿಮಗೆ ಕೊಟ್ಟವರು ಯಾರು?” ಸಹಿಯಿದೆ ಎಂದೆ. “ಅವನೊಬ್ಬನ ಮನೆಯೇ ಇದು?” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಐನ್‌ಮನೆ ಇಡೀ ಒಕ್ಕಕ್ಕೆ ಸೇರಿದ್ದು. ಅಲ್ಲಿ ಒಲೆ ಹಚ್ಚುವವರ ಸಹಿ ಉಳಿದವರನ್ನು ಕಟ್ಟಿಹಾಕುವುದಿಲ್ಲ. ಕಂಪನಿಗೆ ಬರೆದು ಚಿತ್ರವನ್ನು ಮಾರಾಟದಿಂದ ತೆಗೆಸಿದೆ, ಬಂದಿದ್ದ ಅಲ್ಪ ಹಣ ವಾಪಸು ಹೋಯಿತು. ನೀವು ಪಟ್ಟೆದಾರರ ಬಳಿಯೇ ಹೋಗಿ, ಸಾಧ್ಯವಾದರೆ ಒಕ್ಕದವರೆಲ್ಲ ಸೇರುವ ದಿನ. ಜಾಹೀರಾತಿಗೂ ಹೋಗಬಹುದು ಎಂಬ ಮಾತನ್ನು ನುಂಗಿಕೊಳ್ಳದೆ ಹೇಳಿ. ಒಳಗೆ ಹಿರಿಯರಿಗೆ ಇಡುವ ನೆಲ್ಲಕ್ಕಿ ದೀಪದ ಚಿತ್ರವನ್ನೂ ಹಿರಿಯರ ಗುಡಿಯಾದ ಕೈಮಡದ ಚಿತ್ರವನ್ನೂ, ಒಪ್ಪಿಗೆ ಸಿಕ್ಕರೂ, ನಾನಂತೂ ಮಾರುವುದಿಲ್ಲ.

ಇನ್ನು ರೆಸಾರ್ಟ್. ಅಲ್ಲಿ ತೊಡಕು ಟ್ರೇಡ್‌ಮಾರ್ಕಿನದು. ಹೆಸರು, ಲಾಂಛನವಷ್ಟೇ ಅಲ್ಲ, ಕಟ್ಟಡದ ರೂಪವೂ ನೋಂದಣಿಯಾಗಬಹುದು: ಮುಂಬೈಯ ತಾಜ್ ಮಹಲ್ ಪ್ಯಾಲೇಸ್ ಹೋಟೆಲಿಗೆ 2017ರಲ್ಲಿ ಹಾಗೆ ಆಯಿತು. ಆದರೂ ಫೋಟೊದಲ್ಲಿ ಕಟ್ಟಡ ಕಂಡಿತೆಂದ ಮಾತ್ರಕ್ಕೆ ಉಲ್ಲಂಘನೆಯಾಗದು. ಆ ರೂಪವನ್ನು ಸರಕಿನ ಗುರುತಾಗಿ ಬಳಸಿ, ‘ಇದು ಅವರದೇ’ ಎಂದು ಗಿರಾಕಿಗೆ ಅನ್ನಿಸುವಂತೆ ಮಾಡಿದಾಗ ತೊಂದರೆ ಶುರು. ನಾಮಫಲಕವನ್ನು ಅಳಿಸಿ ಮತ್ತೆ ಕಳಿಸಿ ನೋಡಿ, ಕೆಲವೊಮ್ಮೆ ಅಷ್ಟು ಸಾಕಾಗುತ್ತದೆ. ನೀವು ಅತಿಥಿಯಾಗಿ ಒಳಗೆ ಹೋಗಿ ತೆಗೆದಿದ್ದರೆ ಬುಕ್ಕಿಂಗ್ ನಿಯಮಗಳನ್ನೂ ಓದಿ. ವಾಣಿಜ್ಯ ಛಾಯಾಗ್ರಹಣ ಬೇಡವೆಂದು ಅಲ್ಲಿ ಬರೆದಿದ್ದರೆ ಅದೂ ಒಂದು ಕರಾರೇ. ಕಾಫಿ ತೋಟಗಳಿಗೂ ಇದೇ ಮಾತು: ರಸ್ತೆಯಿಂದ ತೆಗೆದದ್ದಕ್ಕೂ ಬೇಲಿ ದಾಟಿ ತೆಗೆದದ್ದಕ್ಕೂ ವ್ಯತ್ಯಾಸವಿದೆ.

ಕೊಳ್ಳುವವರು ಹೊರದೇಶದವರಾಗಿದ್ದು ಚಿತ್ರವೂ ಅಲ್ಲಿಯದಾದರೆ ಅಲ್ಲಿಯ ಕಾನೂನು ನೋಡಬೇಕು. ಐಫೆಲ್ ಗೋಪುರದ ಹಗಲಿನ ಚಿತ್ರಕ್ಕೆ ಅಡ್ಡಿಯಿಲ್ಲ, ರಾತ್ರಿಯ ದೀಪಾಲಂಕಾರಕ್ಕೆ ಹಕ್ಕುದಾರರಿದ್ದಾರೆ.

ಅರಮನೆಯದು ಸ್ವೀಕಾರವಾದದ್ದರಲ್ಲಿ ಆಶ್ಚರ್ಯವಿಲ್ಲ, ಅಷ್ಟು ಹಳೆಯ ಕಟ್ಟಡಕ್ಕೆ ಕೃತಿಸ್ವಾಮ್ಯ ಎಲ್ಲಿಂದ ಬರಬೇಕು? ಆದರೆ ಅದು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಮುಂದಿನ ಸಲ ಟ್ರೈಪಾಡ್ ಒಯ್ಯುವುದಿದ್ದರೆ ಮೊದಲೇ ಅನುಮತಿ ಕೇಳಿಕೊಳ್ಳಿ, ಇಲ್ಲವಾದರೆ ಅಂಗಳದ ಆನೆ ಪ್ರತಿಮೆಗಳ ಮುಂದೆ ಕಾವಲುಗಾರರೊಡನೆ ವಾದ ಮಾಡುತ್ತಾ ನಿಲ್ಲಬೇಕಾಗುತ್ತದೆ.