ಮರದ ಕೆಳಗೆ ಕೂತಾಗ ದೇವರು ಹತ್ತಿರ ಅನ್ನಿಸುವುದು ಬರೀ ಭ್ರಮೆಯಾ?

ಪ್ರಾರ್ಥನೆಗೆ ಕೂತರೆ ಮನಸ್ಸು ಎಲ್ಲೆಲ್ಲೋ ಓಡುತ್ತದೆ, ಆದರೆ ಹೊಳೆಯ ದಡದಲ್ಲೋ ಮರದ ಕೆಳಗೋ ಒಬ್ಬರೇ ಕೂತಾಗ ದೇವರು ಪಕ್ಕದಲ್ಲೇ ಇದ್ದಾನೆ ಅನ್ನಿಸುತ್ತದೆ, ಇದು ನಿಜವಾ ಭ್ರಮೆಯಾ ಎಂದು ಕೇಳಿದ್ದೀರಿ. ನನಗೂ ಹಾಗೇ ಆಗುತ್ತದೆ. ಭ್ರಮೆ ಅಂತ ನನಗೆ ಅನ್ನಿಸಿಲ್ಲ. ಹಾಗಂತ ಅಲ್ಲಿ ಸಿಗುವ ಆರಾಮವನ್ನೆಲ್ಲ ದೇವರ ಲೆಕ್ಕಕ್ಕೆ ಬರೆಯುವುದೂ ಬೇಡ.

ಹಸಿರು ಕಂಡರೆ ದೇವರನ್ನು ನಂಬದವರಿಗೂ ಹಾಯೆನಿಸುತ್ತದೆ, ಅಲ್ವಾ? ರೋಜರ್ ಉಲ್ರಿಚ್ ಎಂಬ ಸಂಶೋಧಕರು ಪಿತ್ತಕೋಶದ ಆಪರೇಷನ್ ಆದವರ ದಾಖಲೆಗಳನ್ನು ಹೋಲಿಸಿ 1984ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕಿಟಕಿಯಿಂದ ಮರ ಕಾಣುತ್ತಿದ್ದವರು, ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋಗಿದ್ದರು. ನೋವಿನ ಜೋರು ಔಷಧಿಯೂ ಅವರಿಗೆ ಕಡಿಮೆ ಸಾಕಾಗಿತ್ತು. ಇದು ದೇಹಕ್ಕೆ ಸಿಗುವ ಆರಾಮ. ಒಳ್ಳೆಯದೇ, ಸಿಕ್ಕಷ್ಟು ತೆಗೆದುಕೊಳ್ಳಿ.

ದೇವರು ಹತ್ತಿರ ಬಂದಂತೆ ಅನ್ನಿಸಿದಾಗ ಮಾತ್ರ ನನಗೆ ಯಾವಾಗಲೂ ನೆಮ್ಮದಿ ಆಗುವುದಿಲ್ಲ. ಕೆಲವು ಸಲ ಕಾರಣವಿಲ್ಲದೆ ಅಳು ಬರುತ್ತದೆ. ಕೆಲವು ಸಲ ಯಾರಿಗೋ ಆಡಿದ ಮಾತು ನೆನಪಾಗಿ ಚುಚ್ಚುತ್ತದೆ. 12ನೇ ಶತಮಾನದ ಅಕ್ಕಮಹಾದೇವಿ ಗಿಳಿ, ಕೋಗಿಲೆ, ದುಂಬಿಗಳನ್ನೆಲ್ಲ ಕರೆದು ಚೆನ್ನಮಲ್ಲಿಕಾರ್ಜುನನನ್ನು ಕಂಡಿರಾ ಎಂದು ಕೇಳುತ್ತಾಳಲ್ಲ, ಅದು ಆರಾಮಾಗಿ ಕೂತವರ ದನಿ ಅಲ್ಲವೇ ಅಲ್ಲ. ಬೈಬಲಿನಲ್ಲಿ ಬರುವ, ಜೀವಭಯದಿಂದ ಓಡಿಹೋದ ಪ್ರವಾದಿ ಎಲೀಯನ ಕಥೆಯೂ ಹಾಗೇ. ಹೋರೇಬ್ ಬೆಟ್ಟದಲ್ಲಿ ಬಿರುಗಾಳಿ ಬೀಸುತ್ತದೆ, ನೆಲ ನಡುಗುತ್ತದೆ, ಬೆಂಕಿ ಏಳುತ್ತದೆ. ಯಾವುದರಲ್ಲೂ ದೇವರಿಲ್ಲ. ಆಮೇಲೆ ಒಂದು ಮೆಲು ದನಿ. ಅದು ಅವನಿಗೆ ಸಮಾಧಾನ ಹೇಳುವುದಿಲ್ಲ, ‘ಇಲ್ಲೇನು ಮಾಡ್ತಿದ್ದೀಯ?’ ಎಂದು ಕೇಳುತ್ತದೆ! ಆಮೇಲೆ ಬಂದ ದಾರಿಯಲ್ಲೇ ವಾಪಸ್ ಕೆಲಸಕ್ಕೆ ಕಳಿಸುತ್ತದೆ. ನನಗೆ ಈ ಕಥೆಯಲ್ಲಿ ಜಾಸ್ತಿ ಇಷ್ಟವಾಗುವುದು ಆ ಪ್ರಶ್ನೆಯೇ.

ಹೇಗೆ ಕೂರಬೇಕು ಅನ್ನುವುದಕ್ಕೆ ದೊಡ್ಡ ವಿಧಾನವೇನಿಲ್ಲ. ಫೋನ್ ಬಿಟ್ಟು ಹೋಗಿ. ಸೂರ್ಯ ಹುಟ್ಟುವ ಹೊತ್ತು ಒಳ್ಳೆಯದು, ಹಕ್ಕಿಗಳು ಜಾಸ್ತಿ ಹಾಡುವುದು ಆಗಲೇ. ಕಣ್ಣು ಮುಚ್ಚಬೇಡಿ. ಒಂದೇ ಕೊಂಬೆಯನ್ನೋ ನೀರಿನ ಒಂದು ಸುಳಿಯನ್ನೋ ನೋಡುತ್ತಾ ಇರಿ. ಬೇಡಿಕೆಗಳ ಪಟ್ಟಿ ಸ್ವಲ್ಪ ಹೊತ್ತು ಹಾಗೇ ಇರಲಿ. ಚೆಂದ ಇರುವುದನ್ನು ಮಾತ್ರ ಆರಿಸಿಕೊಳ್ಳಬೇಡಿ. ಬಲೆಗೆ ಬಿದ್ದ ನೊಣವನ್ನು ಜೇಡ ಸುತ್ತುವುದೂ ಅಲ್ಲೇ ನಡೆಯುತ್ತಿರುತ್ತದೆ. ಅದನ್ನು ಕಂಡು ಮುಖ ತಿರುಗಿಸಿದರೆ ನಾವು ಕೂತಿರುವುದು ಕ್ಯಾಲೆಂಡರ್ ಚಿತ್ರದ ಮುಂದೆ. ಇದನ್ನೂ ಮಾಡಿದವನು ಆ ದೇವರೇನಾ ಅಂತ ಅಲ್ಲೇ ಕೇಳಿ. ನಾನು ಕೇಳುತ್ತೇನೆ. ಉತ್ತರ ಸಿಕ್ಕಿಲ್ಲ, ಆದರೆ ಕೇಳುವಾಗ ಎದುರಿಗೆ ಯಾರೋ ಇದ್ದಾರೆ ಅನ್ನಿಸುತ್ತದೆ.

ಇನ್ನು ಪ್ರಾರ್ಥನೆ ಬಿಟ್ಟುಬಿಡಲೇ ಅಂದಿರಿ. ಬಿಡಬೇಡಿ. ಹೊರಗೆ ಕೂತಾಗಲೂ ಏನೂ ಅನ್ನಿಸದ ದಿನಗಳು ಬೇಕಾದಷ್ಟು ಬರುತ್ತವೆ. ಆಗ ಬಲವಂತ ಮಾಡಿಕೊಳ್ಳದೆ ಎದ್ದು ಬಂದುಬಿಡಿ. ಕೂರಲು ಮೊಣಕಾಲು ನೋವಾದರೆ ನಡೆಯುತ್ತಲೂ ಇರಬಹುದು.