ಏರು ಹತ್ತಿ ಬಂದ ಮೇಲೆ ಮೋಟರ್‌ಹೋಮಿನ ಆಯಿಲ್ ಪ್ರೆಷರ್ ಮುಳ್ಳು ಕೆಳಗೆ ಬಿತ್ತು, ಹೀಗೇ ಮುಂದೆ ಹೋಗಬಹುದಾ?

ನಮಸ್ಕಾರ. ನೀವು ಬರೆದಿರುವುದನ್ನು ನಾನು ಅರ್ಥಮಾಡಿಕೊಂಡಿದ್ದು ಹೀಗೆ. ಗಾಡಿ 2003ರ ಫೋರ್ಡ್ ಇ-450 ಮೇಲೆ ಕಟ್ಟಿದ ಕ್ಲಾಸ್ ಸಿ ಮೋಟರ್‌ಹೋಮ್ (ವ್ಯಾನಿನ ಚಾಸಿಸ್ ಮೇಲಿನ ಓಡಾಡುವ ಮನೆ), 6.8 ಲೀಟರಿನ ವಿ10 ಎಂಜಿನ್. ಕ್ಯಾಲಿಫೋರ್ನಿಯಾದ ಬೇ ಏರಿಯಾದಿಂದ ಗ್ರ್ಯಾಂಡ್ ಕ್ಯಾನಿಯನ್‌ಗೆ ಹೊರಟಿದ್ದೀರಿ. ಐ-15 ಹೆದ್ದಾರಿಯಲ್ಲಿ ಬೇಕರ್ ಊರು ದಾಟಿ ಆ ಉದ್ದದ ಏರು ಹತ್ತಿ, ಪ್ರಿಮ್‌ನಲ್ಲಿ ಇಳಿದು ಸಿಗ್ನಲ್‌ನಲ್ಲಿ ನಿಂತಾಗ ಆಯಿಲ್ ಪ್ರೆಷರ್ ಮುಳ್ಳು ಥಟ್ಟನೆ ಕೆಳಗೆ ಬಿತ್ತು. ಆಕ್ಸಿಲರೇಟರ್ ಒತ್ತಿದರೆ ಮತ್ತೆ ನಡುವಿಗೆ ಬಂತು. ಡಿಪ್‌ಸ್ಟಿಕ್‌ನಲ್ಲಿ (ಆಯಿಲ್ ಮಟ್ಟ ನೋಡುವ ಕಡ್ಡಿ) ಆಯಿಲ್ ಇದೆ. ಒಬ್ಬರು ಸೆನ್ಸರ್ ಹೋಗಿದೆ, ಸುಮ್ನೆ ಹೋಗಿ ಅಂದರು. ಇನ್ನೊಬ್ಬರು ಎಂಜಿನ್ ಮುಗೀತು ಅಂದರು.

ಇಬ್ಬರ ಮಾತೂ ನಿಜ ಇರಬಹುದು. ಆದರೆ ಇಬ್ಬರೂ ಪ್ರೆಷರ್ ಅಳೆದು ನೋಡಿಲ್ಲ. ಅಳೆಯುವ ತನಕ ಗಾಡಿ ಓಡಿಸಬೇಡಿ, ಇದೇ ನನ್ನ ಉತ್ತರ. ನನ್ನ ಹತ್ತಿರವೂ ಇದೇ ಚಾಸಿಸ್, ಇದೇ ಎಂಜಿನ್ ಇರುವ ಗಾಡಿ ಇದೆ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ತಿಳಿಯಬೇಕಾದ್ದು, ನಿಮ್ಮ ಡ್ಯಾಶ್‌ಬೋರ್ಡಿನ ಆಯಿಲ್ ಮೀಟರ್ ನಿಜವಾಗಿ ಮೀಟರೇ ಅಲ್ಲ. ಆ ಕಾಲದ ಫೋರ್ಡ್ ವ್ಯಾನುಗಳಲ್ಲಿ ಎಂಜಿನ್ ಮೇಲೆ ಕೂತಿರುವುದು ಬರೀ ಒಂದು ಸ್ವಿಚ್. ಪ್ರೆಷರ್ ಸುಮಾರು 6 ಪಿಎಸ್‌ಐ (ಪ್ರೆಷರ್ ಅಳೆಯುವ ಮಾನ) ದಾಟಿದರೆ ಸ್ವಿಚ್ ಸೇರಿಕೊಳ್ಳುತ್ತದೆ, ಮುಳ್ಳು ನಡುವಿಗೆ ಬಂದು ನಿಲ್ಲುತ್ತದೆ. ಅದಕ್ಕಿಂತ ಇಳಿದರೆ ಸ್ವಿಚ್ ಬಿಟ್ಟುಕೊಳ್ಳುತ್ತದೆ, ಮುಳ್ಳು ತಳಕ್ಕೆ ಬೀಳುತ್ತದೆ. ನಡುವೆ ಬೇರೆ ಯಾವ ಹಂತವೂ ಇಲ್ಲ. ಅಂದರೆ 8 ಪಿಎಸ್‌ಐ ಇದ್ದರೂ 60 ಇದ್ದರೂ ಮುಳ್ಳು ಅದೇ ಜಾಗದಲ್ಲಿ ನಿಂತಿರುತ್ತದೆ. "ಇಲ್ಲಿಯವರೆಗೆ ಯಾವಾಗಲೂ ನಾರ್ಮಲ್ ಇತ್ತು" ಅಂತ ನೀವು ಬರೆದಿದ್ದೀರಿ. ಪ್ರೆಷರ್ ನಿಧಾನವಾಗಿ ಇಳಿಯುತ್ತಾ ಬಂದಿದ್ದರೂ ನಿಮಗೆ ಹಾಗೇ ಕಾಣುತ್ತಿತ್ತು. ಹೊಸದಾಗಿ ಗಾಡಿ ಕೊಂಡವರಿಗೆ ಇದನ್ನು ಯಾರೂ ಹೇಳುವುದಿಲ್ಲ, ಅದೇ ನನಗೆ ಬೇಸರ.

ಇನ್ನು ಬಿಸಿಯಾದ ಮೇಲೆ, ಅದೂ ಗಾಡಿ ನಿಂತಾಗಲೇ ಯಾಕೆ ಬಿತ್ತು? ಆಯಿಲ್ ಪಂಪ್ ಮಾಡುವುದು ಆಯಿಲನ್ನು ತಳ್ಳುವ ಕೆಲಸ ಮಾತ್ರ. ಬೇರಿಂಗುಗಳ ಸಣ್ಣ ಸಂದಿಯಲ್ಲಿ ಆ ಆಯಿಲ್ ಕಷ್ಟಪಟ್ಟು ನುಗ್ಗುವಾಗ ಪ್ರೆಷರ್ ಹುಟ್ಟುತ್ತದೆ. ತೋಟದ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದಾಗ ಆಗುವ ಹಾಗೆ. ಬಿಸಿಯಾದ ಆಯಿಲ್ ತೆಳುವಾಗಿ ಸಂದಿಯಿಂದ ಸಲೀಸಾಗಿ ಜಾರುತ್ತದೆ. ಗಾಡಿ ಐಡಲ್‌ನಲ್ಲಿದ್ದಾಗ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಸುಮ್ಮನೆ ಓಡುತ್ತಿರುವಾಗ, ಪಂಪೂ ನಿಧಾನ. ಎರಡೂ ಒಟ್ಟಿಗೆ ಸೇರಿದಾಗ ಪ್ರೆಷರ್ ಅತಿ ಕಡಿಮೆ. ಬೇಕರ್‌ನಿಂದ ಹಾಲೊರನ್ ಸಮಿಟ್‌ವರೆಗೆ ಸುಮಾರು 3,000 ಅಡಿ ಏರು. ಹತ್ತಿರ ಹತ್ತಿರ 14,000 ಪೌಂಡಿನ ಗಾಡಿ ಅದನ್ನು ಹತ್ತಿದರೆ ಆಯಿಲ್ ಚೆನ್ನಾಗಿ ಕಾದಿರುತ್ತದೆ. ಟೆಂಪರೇಚರ್ ಮುಳ್ಳು ತೋರಿಸುವುದು ಎಂಜಿನ್ ತಂಪಾಗಿಸುವ ದ್ರವವಾದ ಕೂಲಂಟಿನ ಬಿಸಿ, ಆಯಿಲಿನದಲ್ಲ. ಅದು ಸರಿಯಿತ್ತು ಅಂತ ಸಮಾಧಾನ ಮಾಡಿಕೊಳ್ಳಬೇಡಿ.

ಡಿಪ್‌ಸ್ಟಿಕ್ ಇನ್ನೊಮ್ಮೆ ನೋಡಿ, ಆದರೆ ಸರಿಯಾಗಿ ನೋಡಿ. ಗಾಡಿ ಸಮತಟ್ಟಾದ ಜಾಗದಲ್ಲಿರಬೇಕು, ಎಂಜಿನ್ ಆಫ್ ಮಾಡಿ ಹದಿನೈದು ನಿಮಿಷ ಆಗಿರಬೇಕು. ಕ್ಯಾಂಪ್‌ಗ್ರೌಂಡಿನ ಇಳಿಜಾರಿನಲ್ಲಿ ನೋಡಿದ ಅಳತೆಯನ್ನು ನಂಬಬೇಡಿ. ಕಡಿಮೆ ಇದ್ದರೆ ತಿರುವಿನಲ್ಲಿ, ಬ್ರೇಕ್ ಹಾಕಿದಾಗ ಆಯಿಲ್ ಒಂದು ಕಡೆ ಸರಿದು ಪಂಪ್ ಗಾಳಿ ಎಳೆಯುತ್ತದೆ. ತೀರಾ ಜಾಸ್ತಿ ಇದ್ದರೂ ತೊಂದರೆಯೇ. ಕ್ರ್ಯಾಂಕ್ ಶಾಫ್ಟ್ ಆಯಿಲನ್ನು ಕಡೆದು ನೊರೆ ಮಾಡುತ್ತದೆ, ನೊರೆಯಲ್ಲಿ ಪ್ರೆಷರ್ ನಿಲ್ಲುವುದಿಲ್ಲ. ಒಮ್ಮೆ ಮೂಸಿಯೂ ನೋಡಿ. ಪೆಟ್ರೋಲ್ ವಾಸನೆ ಜೋರಾಗಿ ಬಂದರೆ ಇಂಧನ ಬೆರೆತು ಆಯಿಲ್ ತೆಳುವಾಗಿದೆ. ಹಾಲು ಬೆರೆತ ಕಾಫಿಯ ಬಣ್ಣ ಕಂಡರೆ ನೀರೋ ಕೂಲಂಟೋ ಸೇರಿದೆ, ಆಗ ಎಂಜಿನ್ ಸ್ಟಾರ್ಟ್ ಮಾಡಲೇಬೇಡಿ, ಟೋ ಮಾಡಿಸಿ.

ಆಮೇಲೆ ಸ್ವಿಚ್. ಡ್ರೈವರ್ ಕಡೆ, ಎಂಜಿನ್ನಿನ ಮುಂಭಾಗದ ಕೆಳಗೆ, ಆಯಿಲ್ ಫಿಲ್ಟರ್ ಕೂರುವ ಅಡಾಪ್ಟರಿನಲ್ಲೇ ಅದು ಇರುತ್ತದೆ. ಒಂದೇ ವೈರ್. ಕನೆಕ್ಟರ್ ಬಿಚ್ಚಿದಾಗ ಒಳಗೆ ಆಯಿಲ್ ಜಿನುಗಿದ್ದರೆ ಸ್ವಿಚ್ ಮೇಲೆ ಅನುಮಾನ ಪಡಬಹುದು. ಎಂಜಿನ್ ಆಫ್ ಇಟ್ಟು ಕೀ ಆನ್ ಮಾಡಿ, ಆ ವೈರನ್ನು ಎಂಜಿನ್ನಿನ ಲೋಹಕ್ಕೆ ಮುಟ್ಟಿಸಿ. ಮುಳ್ಳು ನಡುವಿಗೆ ಬಂದರೆ ವೈರಿಂಗ್ ಮತ್ತು ಮೀಟರ್ ಸರಿಯಿವೆ. ಬಾರದಿದ್ದರೆ ವೈರ್ ಎಲ್ಲೋ ಕಡಿದಿದೆ. ಈ ವ್ಯವಸ್ಥೆಯಲ್ಲಿ ವೈರ್ ಕಡಿದರೂ ಪ್ರೆಷರ್ ಇಲ್ಲ ಅಂತಲೇ ತೋರಿಸುತ್ತದೆ. ಆದರೆ ನಿಮ್ಮ ಮುಳ್ಳು ಬಿಸಿ ಐಡಲ್‌ನಲ್ಲಿ ಮಾತ್ರ ಬಿದ್ದು, ಆಕ್ಸಿಲರೇಟರ್ ಕೊಟ್ಟಾಗ ಎದ್ದಿದೆ. ಇದು ಪ್ರೆಷರ್ ನಿಜವಾಗಿಯೂ 6ರ ಆಸುಪಾಸಿಗೆ ಇಳಿದಾಗ ಕಾಣುವ ಲಕ್ಷಣ. ಹಾಗಾಗಿ ಸ್ವಿಚ್ ಬದಲಿಸಿ ಹೊರಟುಬಿಡಿ ಅಂತ ನಾನು ಹೇಳಲಾರೆ.

ಅಳೆಯುವುದು ಕಷ್ಟದ ಕೆಲಸವಲ್ಲ. ಮೆಕ್ಯಾನಿಕಲ್ ಆಯಿಲ್ ಪ್ರೆಷರ್ ಗೇಜನ್ನು ಆಟೋಜೋನ್, ಓ'ರೈಲಿಯಂಥ ಅಂಗಡಿಗಳಲ್ಲಿ ಡೆಪಾಸಿಟ್ ಇಟ್ಟು ತರಬಹುದು, ವಾಪಸ್ ಕೊಟ್ಟರೆ ದುಡ್ಡು ಮರಳಿ ಬರುತ್ತದೆ. ಎಂಜಿನ್ ತಣ್ಣಗಿರುವಾಗ ಸ್ವಿಚ್ ಬಿಚ್ಚಿ ಅದೇ ತೂತಿಗೆ ಗೇಜಿನ ಹೋಸ್ ಹಾಕಿ. ಹೋಸ್ ಬೆಲ್ಟಿಗೂ ಎಗ್ಸಾಸ್ಟಿಗೂ ತಾಗದಂತೆ ಕಟ್ಟಿ. ಚಕ್ರಗಳು ಉರುಳದಂತೆ ಚಾಕ್ (ತಡೆಗಟ್ಟಿ) ಇಟ್ಟಿರಲಿ. ಗಾಡಿಯನ್ನು ಸಮತಟ್ಟಾಗಿ ನಿಲ್ಲಿಸುವ ಲೆವೆಲಿಂಗ್ ಜಾಕ್ ನಂಬಿ ಗಾಡಿಯ ಕೆಳಗೆ ಹೋಗಬೇಡಿ, ಅದು ಆ ಕೆಲಸಕ್ಕೆ ಮಾಡಿದ್ದಲ್ಲ. ಸ್ಟಾರ್ಟ್ ಮಾಡಿದ ಕೆಲವೇ ಸೆಕೆಂಡುಗಳಲ್ಲಿ ಗೇಜ್ ಏಳಬೇಕು. ಏಳದಿದ್ದರೆ ತಕ್ಷಣ ಆಫ್ ಮಾಡಿ. ಎದ್ದರೆ ಗೇಜ್ ಮೇಲೆ ಕಣ್ಣಿಟ್ಟು, ಎಂಜಿನ್ ಪೂರ್ತಿ ಬಿಸಿಯಾಗುವವರೆಗೆ ಬಿಡಿ. ಬಿಸಿ ಐಡಲ್‌ನಲ್ಲಿ ಎಷ್ಟು, 2,000 ಆರ್‌ಪಿಎಂನಲ್ಲಿ ಎಷ್ಟು, ಬರೆದಿಟ್ಟುಕೊಳ್ಳಿ.

ಪ್ರತಿ 1,000 ಆರ್‌ಪಿಎಂಗೆ ಕನಿಷ್ಠ 10 ಪಿಎಸ್‌ಐ ಬೇಕು ಅನ್ನುವುದು ಮೆಕ್ಯಾನಿಕರ ಹಳೆಯ ಲೆಕ್ಕ. ಆರೋಗ್ಯವಾಗಿರುವ ಈ ವಿ10 ಅದಕ್ಕಿಂತ ಸಾಕಷ್ಟು ಜಾಸ್ತಿಯೇ ತೋರಿಸುತ್ತದೆ. ಬಿಸಿ ಐಡಲ್‌ನಲ್ಲೂ ಇಪ್ಪತ್ತರ ಮೇಲೆ ಗಟ್ಟಿಯಾಗಿ ನಿಂತರೆ ತಪ್ಪು ಸ್ವಿಚ್ಚಿನದ್ದೋ ವೈರಿನದ್ದೋ. ಖರ್ಚು ಸಣ್ಣದು, ಪ್ರವಾಸ ಮುಂದುವರಿಸಿ. ತಣ್ಣಗಿದ್ದಾಗ ಚೆನ್ನಾಗಿದ್ದು ಬಿಸಿಯಾದಂತೆ ಹತ್ತಕ್ಕಿಂತ ಕೆಳಗೆ ಇಳಿದರೆ ಆಯಿಲ್ ತೆಳುವಾಗಿದೆ ಅಥವಾ ಬೇರಿಂಗುಗಳು ಸವೆದಿವೆ. ಎಲ್ಲ ಸ್ಪೀಡಿನಲ್ಲೂ ಕಡಿಮೆ ಇದ್ದರೆ ಪಂಪ್, ಹೆಚ್ಚಿನ ಪ್ರೆಷರ್ ಬಿಡುವ ಅದರ ರಿಲೀಫ್ ವಾಲ್ವ್, ಇಲ್ಲವೇ ಆಯಿಲನ್ನು ಪಂಪಿಗೆ ಎಳೆದು ಕೊಡುವ ಪಿಕಪ್ ಪೈಪಿನ ಓ-ರಿಂಗ್ (ರಬ್ಬರ್ ಉಂಗುರ) ಕಾರಣ. ಆರ್‌ಪಿಎಂ ಏರಿಸಿದಾಗ ಮುಳ್ಳು ಏರುವ ಬದಲು ಇಳಿದರೆ ಪಿಕಪ್ಪಿನ ಜಾಲರಿ ಕಟ್ಟಿಕೊಂಡಿರುವ ಸಾಧ್ಯತೆ ಹೆಚ್ಚು. ಹಳೆಯ ಎಂಜಿನ್ನಿನಲ್ಲಿ ಟೈಮಿಂಗ್ ಚೈನ್ ಹಾದಿ ತಪ್ಪದಂತೆ ಹಿಡಿಯುವ ಗೈಡಿನ ಪ್ಲಾಸ್ಟಿಕ್ ಮುರಿದು ಚೂರುಗಳು ಅಲ್ಲಿಗೇ ಬಂದು ಸೇರುತ್ತವೆ.

ಕಡಿಮೆ ಬಂತು ಅಂದುಕೊಳ್ಳಿ. ಆಗಲೂ ಮೊದಲ ಕೆಲಸ ಆಯಿಲ್ ಮತ್ತು ಫಿಲ್ಟರ್ ಬದಲಿಸಿ ಮತ್ತೆ ಅಳೆಯುವುದು. ಈ ಎಂಜಿನ್ನಿಗೆ ಫೋರ್ಡ್ ಹೇಳಿರುವುದು 5ಡಬ್ಲ್ಯೂ-20 (ಆಯಿಲ್ ಎಷ್ಟು ದಪ್ಪ ಅನ್ನುವುದರ ಗುರುತು). ಫಿಲ್ಟರ್ ಮೋಟರ್‌ಕ್ರಾಫ್ಟ್ ಎಫ್‌ಎಲ್-820ಎಸ್. ಹಳೆಯ ಫಿಲ್ಟರ್ ಎಸೆಯಬೇಡಿ! ಅದನ್ನು ಕತ್ತರಿಸಿ, ಒಳಗಿನ ಮಡಿಕೆಗಳನ್ನು ಬಿಡಿಸಿ, ಬಿಸಿಲಿನಲ್ಲಿ ಹಿಡಿದು ನೋಡಿ. ನನ್ನ ಪ್ರಕಾರ ಎಂಜಿನ್ ಬಿಚ್ಚದೆ ಅದರ ಹೊಟ್ಟೆಯೊಳಗೆ ಇಣುಕಲು ಇದಕ್ಕಿಂತ ಒಳ್ಳೆ ದಾರಿ ಇಲ್ಲ. ಹೊಳೆಯುವ ಲೋಹದ ಪುಡಿ, ಅದರಲ್ಲೂ ತಾಮ್ರದ ಬಣ್ಣದ್ದು ಇದ್ದರೆ ಬೇರಿಂಗ್ ಸವೆಯುತ್ತಿದೆ. ಅಯಸ್ಕಾಂತಕ್ಕೆ ಅಂಟಿದರೆ ಉಕ್ಕಿನ ಭಾಗ. ಪ್ಲಾಸ್ಟಿಕ್ ಚೂರು ಕಂಡರೆ ಚೈನ್ ಗೈಡ್. ಏನೂ ಇಲ್ಲ, ಹೊಸ ಆಯಿಲ್ ಹಾಕಿದ ಮೇಲೆ ಪ್ರೆಷರೂ ಏರಿತು ಅಂದರೆ ಆಯಿಲೇ ಕೆಟ್ಟಿತ್ತು ಅಂತ ಒಪ್ಪಬಹುದು.

20ಡಬ್ಲ್ಯೂ-50 ಹಾಕಿ ಹೋಗಿ ಅಂತ ನಿಮ್ಮ ಸ್ನೇಹಿತರು ಹೇಳಿದ್ದಾರಲ್ಲ, ಅದು ಬೇಡ. ದಪ್ಪ ಆಯಿಲ್ ಹಾಕಿದರೆ ಮುಳ್ಳು ಏಳಬಹುದು, ಆದರೆ ಸವೆದದ್ದು ಸವೆದೇ ಇರುತ್ತದೆ. ಈ ಎಂಜಿನ್ನಿನ ಚೈನನ್ನು ಬಿಗಿಯಾಗಿಡುವ ಟೆನ್ಷನರುಗಳು ಆಯಿಲ್ ಪ್ರೆಷರಿನಿಂದಲೇ ಕೆಲಸ ಮಾಡುವಂಥವು. ಬೆಳಗಿನ ಚಳಿಯಲ್ಲಿ ದಪ್ಪ ಆಯಿಲ್ ಅಲ್ಲಿಗೆ ತಡವಾಗಿ ತಲುಪುತ್ತದೆ. ಸ್ಟಾರ್ಟ್ ಮಾಡಿದಾಗ ಮುಂದುಗಡೆಯಿಂದ ಚೈನಿನ ಗಡಗಡ ಸದ್ದು ಕೇಳಿಸುತ್ತದಾ, ಅದನ್ನೂ ಗಮನಿಸಿ.

ಪಂಪ್ ಬದಲಿಸುವುದಕ್ಕೆ ಯಾರಾದರೂ ದೊಡ್ಡ ಮೊತ್ತ ಹೇಳಿದರೆ ಗಾಬರಿ ಬೇಡ. ಈ ಎಂಜಿನ್ನಿನಲ್ಲಿ ಪಂಪ್ ಕ್ರ್ಯಾಂಕಿನ ಮುಂದಿನ ತುದಿಯಲ್ಲಿ, ಟೈಮಿಂಗ್ ಕವರಿನ ಒಳಗಿದೆ. ವ್ಯಾನಿನ ಇಕ್ಕಟ್ಟಿನಲ್ಲಿ ಅಲ್ಲಿಗೆ ಕೈ ಹಾಕಲು ತುಂಬಾ ಬಿಚ್ಚಬೇಕು. ಗೇಜಿನ ಅಂಕಿ ತೋರಿಸದೆ ಆ ಕೆಲಸ ಶುರು ಮಾಡುವವರಿಗೆ ಮಾತ್ರ ಒಪ್ಪಬೇಡಿ.

ಟೋ ಬೇಕಾದರೆ ಮೊದಲು ನಿಮ್ಮ ರೋಡ್‌ಸೈಡ್ ಪ್ಲಾನಿನಲ್ಲಿ ಆರ್‌ವಿ (ಮೋಟರ್‌ಹೋಮ್ ಥರದ ಗಾಡಿ) ಸೇರಿದೆಯಾ ನೋಡಿ. ಸಾಮಾನ್ಯ ಕಾರಿನ ಪ್ಲಾನಿನವರು ಇಷ್ಟು ಭಾರದ ಗಾಡಿ ಎಳೆಯಲು ಒಪ್ಪದಿರಬಹುದು. ಫೋನ್ ಮಾಡಿದಾಗ ಗಾಡಿಯ ಉದ್ದ, ತೂಕ ಎರಡನ್ನೂ ಹೇಳಿ, ಇಲ್ಲದಿದ್ದರೆ ಚಿಕ್ಕ ಟ್ರಕ್ ಬಂದು ಬರಿಗೈಯಲ್ಲಿ ಹೋಗುತ್ತದೆ.

ಗೇಜ್ ಹಾಕಿದ ಮೇಲೆ ಮೂರು ಅಂಕಿ ಇಲ್ಲಿ ಬರೆಯಿರಿ: ತಣ್ಣಗಿದ್ದಾಗಿನ ಐಡಲ್, ಬಿಸಿ ಐಡಲ್, ಬಿಸಿಯಾಗಿ 2,000 ಆರ್‌ಪಿಎಂ. ಫಿಲ್ಟರ್ ಕತ್ತರಿಸಿದರೆ ಬಿಡಿಸಿದ ಮಡಿಕೆಯ ಫೋಟೋ ಹಾಕಿ. ಅವನ್ನು ನೋಡಿದರೆ ಗ್ರ್ಯಾಂಡ್ ಕ್ಯಾನಿಯನ್‌ಗೆ ಇದೇ ಗಾಡಿಯಲ್ಲಿ ಹೋಗಬಹುದಾ, ಲಾಸ್ ವೇಗಸ್‌ನಲ್ಲಿ ಕಾರು ಬಾಡಿಗೆಗೆ ತೆಗೆದುಕೊಳ್ಳುವುದು ಒಳ್ಳೆಯದಾ ಅಂತ ಹೇಳುತ್ತೇನೆ.